ಹದಿನೆಂಟು ರಾಜರ ತಿಥಿ

ನಮ್ಮ ಅಡುಗೆಮನೆಯಲ್ಲಿ ಫ್ರಿಜ್ಜಿನ ಪಕ್ಕಕ್ಕೆ ಎರಡು ಕ್ಯಾಲೆಂಡರುಗಳು ನೇತಾಡುತ್ತವೆ. ಒಂದು ಹುಬ್ಬಳ್ಳಿಯದು. ಯಾರದೋ ಸೂಟ್‌ಕೇಸಿನಲ್ಲಿ ಸುರುಳಿ ಸುತ್ತಿಕೊಂಡು ಸಿಡ್ನಿಗೆ ಬಂದ ಅದು ಇಂದಿಗೂ ನೆಟ್ಟಗೆ ನಿಂತಿಲ್ಲ, ಕೆಳಗಿನ ತುದಿಗೆ ಎರಡು ಬಟ್ಟೆ ಕ್ಲಿಪ್ಪು ಹಾಕಿದ್ದೇವೆ. ಇನ್ನೊಂದು ವಿಯೆಟ್ನಾಮಿನದು. ಇಟ್ಟಿಗೆಯಷ್ಟು ದಪ್ಪ, ದಿನಕ್ಕೊಂದು ಹಾಳೆ ಹರಿದುಹಾಕಬೇಕು. ಮನೆಗೆ ಬಂದವರೆಲ್ಲ ಇದೇನಿದು ಎಂದು ಕೇಳುತ್ತಾರೆ. ಮೊದಮೊದಲು ನಾನು ವಿವರವಾಗಿ ಹೇಳುತ್ತಿದ್ದೆ. ಈಗ, ‘ಅವ್ವನದು’ ಎಂದು ಸುಮ್ಮನಾಗುತ್ತೇನೆ. ಇವತ್ತು ಬೆಳಿಗ್ಗೆ ಹಾಳೆ ಹರಿಯುವ ಪಾಳಿ ನನ್ನದಾಗಿತ್ತು, ಅದಕ್ಕೇ ಇದೆಲ್ಲ ನೆನಪಾಯಿತು. ನಿಮಗೆ ವಿವರವಾಗಿಯೇ ಹೇಳುತ್ತೇನೆ, ಪುರುಸೊತ್ತಿದ್ದರೆ ಕೂತುಕೊಳ್ಳಿ.

ಅಣ್ಣ ಇರುವುದು ಮೆಲ್ಬರ್ನಿನ ಟಾರ್ನೀಟಿನಲ್ಲಿ, ನಾನು ಸಿಡ್ನಿಯ ಮಾರ್ಸ್ಡನ್ ಪಾರ್ಕಿನಲ್ಲಿ. ಅಪ್ಪ ತೀರಿಕೊಂಡದ್ದು ಇಲ್ಲಿ, ವೆಸ್ಟ್‌ಮೀಡಿನ ಆಸ್ಪತ್ರೆಯಲ್ಲಿ. ಫೋನು ಬಂದಾಗ ಬೆಳಗಿನ ಆರೂ ಮುಕ್ಕಾಲು. ಸಿಡ್ನಿಯಲ್ಲಿ ಆಗಷ್ಟೇ ಸೂರ್ಯ ಹುಟ್ಟಿದ್ದ. ಧಾರವಾಡದಲ್ಲಿ ಇನ್ನೂ ಹುಟ್ಟಿರಲಿಲ್ಲ, ಅಲ್ಲಿ ಎಲ್ಲರೂ ಹೊದ್ದು ಮಲಗಿದ್ದರು. ಇಷ್ಟು ಸಾಕಾಯಿತು ನೋಡಿ ನಮಗೆ. ನಮ್ಮಲ್ಲಿ ದಿನ ಬದಲಾಗುವುದು ಸೂರ್ಯೋದಯಕ್ಕೆ. ಸಿಡ್ನಿಯ ಸೂರ್ಯನನ್ನು ನಂಬಿದರೆ ಅಪ್ಪ ಹೋದದ್ದು ಚೈತ್ರ ಶುದ್ಧ ದಶಮಿ. ಧಾರವಾಡದ ಸೂರ್ಯನನ್ನು ನಂಬಿದರೆ ಹಿಂದಿನ ದಿನದ ನವಮಿ, ಅಂದರೆ ರಾಮನವಮಿ. ‘ಅಪ್ಪ ಧಾರವಾಡದವರು, ಅವರ ಸೂರ್ಯ ಧಾರವಾಡದ್ದು’ ಎಂದ ಅಣ್ಣ. ‘ಅಪ್ಪ ಸತ್ತದ್ದು ವೆಸ್ಟ್‌ಮೀಡಿನಲ್ಲಿ’ ಎಂದೆ ನಾನು. ಅವನು ಫೋನಿನಲ್ಲಿ ಧಾರವಾಡದ ಆಚಾರ್ಯರನ್ನು ಕೇಳಿದ, ನಾನು ಇಲ್ಲಿಯ ಆಚಾರ್ಯರನ್ನು ಕೇಳಿದೆ. ಕೇಳಿದವರಿಗೆ ಬೇಕಾದ ಉತ್ತರವೇ ಇಬ್ಬರಿಗೂ ಸಿಕ್ಕಿತು.

ಹೀಗೆ ಐದು ವರ್ಷ ನಡೆಯಿತು. ಅಣ್ಣ ಟಾರ್ನೀಟಿನಲ್ಲಿ ನವಮಿಯ ದಿನ ಅಪ್ಪನ ತಿಥಿ ಮಾಡುತ್ತಿದ್ದ, ನಾನು ಮಾರ್ಸ್ಡನ್ ಪಾರ್ಕಿನಲ್ಲಿ ದಶಮಿಯ ದಿನ. ಒಬ್ಬನೇ ಅಪ್ಪ, ವರ್ಷಕ್ಕೆ ಎರಡು ಸಲ ಬಂದು ಉಂಡು ಹೋಗಬೇಕು, ಅದೂ ಒಂದು ದಿನದ ಅಂತರದಲ್ಲಿ, ಒಂಬೈನೂರು ಕಿಲೋಮೀಟರು ದೂರದಲ್ಲಿ. ಅಣ್ಣ ನನ್ನ ಜೊತೆ ಮಾತು ಬಿಟ್ಟಿರಲಿಲ್ಲ. ಪ್ರತಿ ಆದಿತ್ಯವಾರ ಫೋನ್ ಮಾಡುತ್ತಿದ್ದ. ನಾನು ಎತ್ತಿದರೆ, ‘ಅವ್ವಗ ಕೊಡು’ ಎನ್ನುತ್ತಿದ್ದ. ನಾನೂ ಎರಡು ಶಬ್ದ ಮೀರದಂತೆ, ‘ಹೂಂ, ತಡಿ’ ಎನ್ನುತ್ತಿದ್ದೆ.

ಅವ್ವನಿಗೆ ಎಪ್ಪತ್ತೆಂಟು ದಾಟಿದೆ. ಅವಳಿಗೆ ಬೇಕಾಗಿದ್ದದ್ದು ಒಂದೇ. ಒಂದು ಸಲ, ಬರೇ ಒಂದು ಸಲ, ಅಪ್ಪನ ತಿಥಿಗೆ ಇಬ್ಬರು ಮಕ್ಕಳೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದನ್ನು ಕಣ್ಣಾರೆ ನೋಡಬೇಕು. ಹಲವು ಸಲ ಹೇಳಿದಳು, ಬೈದಳು, ಒಮ್ಮೆ ಅತ್ತಳು. ನಾವಿಬ್ಬರೂ, ‘ನನ್ನದೇನೂ ಇಲ್ಲವ್ವಾ, ಅವನಿಗೆ ಹೇಳು’ ಎಂದೆವು.

ಇಸವಿ ತಿಥಿಗಳಿಗೆ ಹೀಗೆ ಜೋತುಬೀಳುವ ಚಾಳಿ ನಮಗೆ ಬಂದದ್ದು ಅಪ್ಪನಿಂದಲೇ. ಅಪ್ಪ ಧಾರವಾಡದ ಒಂದು ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರು. ಸಂಜೆ ಕೈಕಾಲು ತೊಳೆದು ಶ್ಲೋಕ ಹೇಳಿದ ಮೇಲೆ ಬೇರೆ ಮನೆಗಳಲ್ಲಿ ಮಗ್ಗಿ ಹೇಳಿಸುತ್ತಿದ್ದರು, ನಮ್ಮ ಮನೆಯಲ್ಲಿ ರಾಜವಂಶ. ಕದಂಬರು, ಗಂಗರು, ಚಾಲುಕ್ಯರು, ರಾಷ್ಟ್ರಕೂಟರು. ಯಾರು, ಯಾವಾಗ ಪಟ್ಟಕ್ಕೆ ಬಂದರು, ಯಾವಾಗ ಹೋದರು. ಅಣ್ಣ ಗಡಗಡ ಹೇಳುತ್ತಿದ್ದ. ನನಗೆ ರಾಜರ ಹೆಸರು ನೆನಪಿರುತ್ತಿತ್ತು, ಇಸವಿ ಇರುತ್ತಿರಲಿಲ್ಲ. ಒಮ್ಮೆ ಪರೀಕ್ಷೆಯಲ್ಲಿ ಪುಲಿಕೇಶಿಯ ಇಸವಿ ಮರೆತು, ನೆನಪಿದ್ದ ಒಂದೇ ನಂಬರು, ನಮ್ಮ ಮನೆಯ ವಿದ್ಯುತ್ ಮೀಟರಿನದು, ಅದನ್ನೇ ಬರೆದೆ. ಪೇಪರು ತಿದ್ದಿದವರು ಅಪ್ಪ. ‘ಇವನ ಲೆಕ್ಕದಾಗ ಪುಲಿಕೇಶಿ ಇನ್ನೂ ಹುಟ್ಟೇ ಇಲ್ಲ’ ಎಂದು ಇಡೀ ವರ್ಗದ ಮುಂದೆ ಓದಿದರು. ಆಮೇಲೆ ಮನೆಗೆ ಬಂದು, ‘ಇಸವಿ ತಪ್ಪಿದ್ರ ರಾಜಾನೇ ತಪ್ಪಿದ್ಹಾಂಗಪ್ಪಾ’ ಎಂದು ಸಮಾಧಾನವಾಗಿ ಹೇಳಿ ಅವಲಕ್ಕಿ ಕೊಡಿಸಿದರು. ಇವತ್ತಿಗೂ ಪುಲಿಕೇಶಿ ಎಂದರೆ ನನಗೆ ಮೀಟರೇ ಕಣ್ಣಮುಂದೆ ಬರುತ್ತದೆ.

ಇನ್ನು ಆ ದಪ್ಪ ಕ್ಯಾಲೆಂಡರಿನ ವಿಷಯ. ನಮ್ಮ ಬೇಲಿಯ ಆಚೆ ಮನೆಯ ಅಜ್ಜಿಯ ಹೆಸರು ಲಿಯೆನ್. ವಿಯೆಟ್ನಾಮಿನ ದಕ್ಷಿಣದವರು. ಬಂದು ನಲವತ್ತು ವರ್ಷವಾದರೂ ಅವರ ಇಂಗ್ಲಿಷು ಅಂಗಡಿಯಲ್ಲಿ ಸಾಮಾನು ಕೊಳ್ಳುವಷ್ಟೇ. ಅವ್ವನದು ಅಷ್ಟೂ ಇಲ್ಲ. ಆದರೂ ಇಬ್ಬರೂ ಬೇಲಿಯ ಮೇಲೆ ಗೋಣು ಚಾಚಿ ಗಂಟೆಗಟ್ಟಲೆ ಮಾತಾಡುತ್ತಾರೆ. ಇವಳದು ಕನ್ನಡ, ಅವರದು ವಿಯೆಟ್ನಾಮಿ. ಮೆಣಸಿನ ಗಿಡ, ಮೊಣಕಾಲು, ಸೊಸೆ, ಈ ಮೂರು ವಿಷಯಕ್ಕೆ ಭಾಷೆ ಬೇಕಾಗಿಲ್ಲ ಎಂದು ನನಗೆ ಆಮೇಲೆ ಗೊತ್ತಾಯಿತು. ಅವ್ವ ಅವರನ್ನು ಮೊದಲ ವಾರದಿಂದಲೇ ‘ಲೀನಾಬಾಯಿ’ ಮಾಡಿಬಿಟ್ಟಳು. ಅವರು ಓಗೊಡುತ್ತಾರೆ.

ಒಂದು ವರ್ಷ ಹುಬ್ಬಳ್ಳಿಯ ಕ್ಯಾಲೆಂಡರು ಬರಲಿಲ್ಲ. ತರಬೇಕಾದವರು ಲಗೇಜು ಜಾಸ್ತಿಯಾಯಿತೆಂದು ಅಲ್ಲೇ ಬಿಟ್ಟು ಬಂದರು. ಉಪ್ಪಿನಕಾಯಿ ಮಾತ್ರ ತಂದರು. ‘ಅಜ್ಜೀ, ಆ್ಯಪ್ ಇದೆ, ಜಸ್ಟ್ ಡೌನ್‌ಲೋಡ್ ಇಟ್’ ಎಂದಳು ನನ್ನ ಮಗಳು. ‘ಫೋನಿನ್ಯಾಗ ನೋಡಿದ ಏಕಾದಶಿಗೆ ಹಸಿವೇ ಆಗೂದಿಲ್ಲ’ ಎಂದು ಅವ್ವ ಅದನ್ನು ತಳ್ಳಿಹಾಕಿದಳು. ಆಗ ಲೀನಾಬಾಯಿ ತಮ್ಮ ಮನೆಯ ಒಂದು ಹೆಚ್ಚಿನ ಕ್ಯಾಲೆಂಡರು ಕೊಟ್ಟರು. ಪ್ರತಿ ಹಾಳೆಯಲ್ಲಿ ನಡುವೆ ದೊಡ್ಡದಾಗಿ ಇಂಗ್ಲಿಷ್ ತಾರೀಖು, ಕೆಳಗೆ ಸಣ್ಣದಾಗಿ ಚಂದ್ರನ ತಾರೀಖು. ಅವ್ವ ಒಂದು ವಾರ ಚಂದ್ರನನ್ನೂ ಹಾಳೆಯನ್ನೂ ತಾಳೆ ನೋಡಿದಳು. ಹದಿನೈದಕ್ಕೆ ಹುಣ್ಣಿಮೆ. ಸರಿ, ಹಾಗಾದರೆ ಹನ್ನೊಂದು ಏಕಾದಶಿ, ಹದಿನೈದಕ್ಕೆ ಹನ್ನೊಂದು ಕೂಡಿಸಿದರೆ ಇಪ್ಪತ್ತಾರು, ಅದು ಕೃಷ್ಣಪಕ್ಷದ ಏಕಾದಶಿ. ‘ಎಷ್ಟ ಸರಳ ಮಾಡ್ಯಾರ ನೋಡು, ನಮ್ಮವ್ರು ಸುಮ್ಮನ ತಲಿ ಕೆಡಿಸ್ತಾರ’ ಎಂದು ಹೊಗಳಿದಳು ಬೇರೆ.

ನಾಲ್ಕು ತಿಂಗಳು ಅವ್ವ ವಿಯೆಟ್ನಾಮಿ ಏಕಾದಶಿ ಮಾಡಿದಳು. ಒಂದು ದಿನ ಅಣ್ಣ ಫೋನ್ ಮಾಡಿದಾಗ ಅವಳ ಬಾಯಿ ತುಂಬಿತ್ತು. ‘ಏನು ತಿನ್ಲಿಕತ್ತೀ?’ ಎಂದ. ‘ಚಪಾತಿ ಪಲ್ಯಾ’ ಎಂದಳು. ‘ಅವ್ವಾ, ಇವತ್ತು ಏಕಾದಶಿ!’ ಆ ಕೂಗು ಫೋನಿಲ್ಲದೆಯೂ ಟಾರ್ನೀಟಿನಿಂದ ಕೇಳಿಸುವಂತಿತ್ತು. ಆಮೇಲೆ ವಿಚಾರಿಸಿದರೆ ಗೊತ್ತಾಯಿತು: ಅವರು ಅಮಾವಾಸ್ಯೆ ಕೂಡುವ ದಿನವನ್ನೇ ಒಂದು ಎಂದು ಎಣಿಸುತ್ತಾರೆ, ನಾವು ಸಾಮಾನ್ಯವಾಗಿ ಅದರ ಮರುದಿನವನ್ನು. ಹಾಗಾಗಿ ಅವರ ಹನ್ನೊಂದು ಬಹಳ ಸಲ ನಮ್ಮ ದಶಮಿ. ಅವ್ವ ನಾಲ್ಕು ತಿಂಗಳು ದಶಮಿಯ ದಿನ ಉಪವಾಸವಿದ್ದು ಏಕಾದಶಿಯ ದಿನ ಹೊಟ್ಟೆತುಂಬ ಉಂಡಿದ್ದಳು. ನಾನು ನಕ್ಕೆ, ನಗಬಾರದಿತ್ತು. ಎರಡು ದಿನ ನನ್ನ ಚಹಕ್ಕೆ ಸಕ್ಕರೆ ಬೀಳಲಿಲ್ಲ. ಆದರೆ ಕ್ಯಾಲೆಂಡರನ್ನು ಮಾತ್ರ ಅವಳು ಗೋಡೆಯಿಂದ ಇಳಿಸಲಿಲ್ಲ. ಹಾಳೆ ಹರಿಯುವ ಖುಷಿ ಹತ್ತಿಬಿಟ್ಟಿತ್ತು.

ಆ ಹಾಳೆಗಳಲ್ಲೊಂದು, ಮೂರನೇ ತಿಂಗಳ ಹತ್ತನೆಯದು, ಕೆಂಪು ಬಣ್ಣದ್ದು. ನಮ್ಮ ರಾಮನವಮಿಯ ಆಸುಪಾಸಿನಲ್ಲಿ ಬರುತ್ತದೆ. ಅವ್ವ ಮೊದಲ ಸಲ ಅದನ್ನು ನೋಡಿದಾಗ ಇವರಿಗೂ ರಾಮ ಗೊತ್ತಿರಬೇಕೆಂದು ಸಂತೋಷಪಟ್ಟು, ಒಂದು ಡಬ್ಬಿಯಲ್ಲಿ ಕೋಸಂಬರಿ, ಒಂದು ಬಾಟಲಿಯಲ್ಲಿ ಪಾನಕ ತುಂಬಿಸಿ ನನ್ನನ್ನೂ ಎಳೆದುಕೊಂಡು ಹೋದಳು. ಲೀನಾಬಾಯಿಯ ಗ್ಯಾರೇಜಿನಲ್ಲಿ ಕಾರು ಹೊರಗೆ ಹಾಕಿ ಮೇಜು ಜೋಡಿಸಿದ್ದರು. ಹಣ್ಣು, ಹೂ, ಊದುಬತ್ತಿ, ಎಲೆಯಲ್ಲಿ ಚೌಕಾಕಾರವಾಗಿ ಕಟ್ಟಿದ ಅಕ್ಕಿಯ ಕಡುಬು. ಯಾರ ಹುಟ್ಟಿದ ದಿನ ಎಂದು ನಾನು ಕೇಳಿದೆ. ಹುಟ್ಟಿದ್ದಲ್ಲ, ಸತ್ತದ್ದು ಎಂದರು. ಯಾರು? ರಾಜರು. ಎಷ್ಟು ಜನ? ಹದಿನೆಂಟು.

ನಾನು ಅವ್ವನಿಗೆ, ‘ಇದು ತಿಥಿ ಅಂತವ್ವಾ’ ಎಂದದ್ದೇ ತಪ್ಪಾಯಿತು. ತಿಥಿಯ ಮನೆಗೆ ಕರೆಯದೆ ಹೋಗುವಂತಿಲ್ಲ, ಹೋದರೂ ‘ಹೋಗಿ ಬರ್ತೀನಿ’ ಎಂದು ಹೇಳಿ ಹೊರಡುವಂತಿಲ್ಲ. ಮತ್ತೆ ಬರುವುದು ಯಾತಕ್ಕೆ, ಇನ್ನೊಂದು ಸಾವಿಗೇ? ಅವ್ವ ಕೋಸಂಬರಿಯ ಡಬ್ಬಿ ಮೇಜಿನ ಮೇಲಿಟ್ಟವಳೇ ಬಾಯಿ ಬಿಗಿದುಕೊಂಡು, ಹಿಂದೆ ತಿರುಗಿ ನೋಡದೆ, ನನ್ನ ಅಂಗಿ ಹಿಡಿದು ಎಳೆಯುತ್ತ ಹೊರಟೇಬಿಟ್ಟಳು. ಲೀನಾಬಾಯಿಗೆ ಗಾಬರಿ. ಏನೋ ಅಪಚಾರವಾಯಿತೆಂದು ತಟ್ಟೆ ತುಂಬ ಹಣ್ಣು ಹಿಡಿದು ರಸ್ತೆಯವರೆಗೆ ಓಡಿಬಂದರು. ಅವರು ಹಿಂದೆ ಓಡಿದಷ್ಟೂ ಅವ್ವ ಮುಂದೆ ಓಡಿದಳು. ಎಪ್ಪತ್ತು ದಾಟಿದ ಇಬ್ಬರು ಮುದುಕಿಯರು ಮಾರ್ಸ್ಡನ್ ಪಾರ್ಕಿನ ಫುಟ್‌ಪಾತಿನಲ್ಲಿ ಹೀಗೆ ಓಡುವುದನ್ನು ಎದುರುಮನೆಯವರು ಗಿಡಕ್ಕೆ ನೀರು ಹಾಕುವುದು ನಿಲ್ಲಿಸಿ ನೋಡಿದರು.

ಈ ರಾಜರ ಕಥೆ ಅಪ್ಪನಿಗೆ ಮೊದಲೇ ಗೊತ್ತಿತ್ತು. ಅವರು ಇನ್ನೂ ಓಡಾಡಿಕೊಂಡಿದ್ದ ವರ್ಷ ಲೀನಾಬಾಯಿ ಬೇಲಿಯ ಬಳಿ ನಿಂತು ತಮ್ಮ ದೇಶ ಹುಟ್ಟಿದ ಬಗೆಯನ್ನು ಅವರಿಗೆ ಹೇಳಿದ್ದರು. ಸಮುದ್ರದ ನಾಗರಾಜನಿಗೂ ಬೆಟ್ಟದ ಒಬ್ಬ ಅಪ್ಸರೆಗೂ ಮದುವೆಯಾಯಿತು. ಅವಳ ಹೆಸರು ‘ಔ ಕೊ’. ಅವ್ವನ ಕಿವಿಗೆ ಅದು ‘ಅವ್ವಕ್ಕ’ ಎಂದು ಬಿದ್ದು ಹಾಗೇ ಉಳಿಯಿತು. ಅವ್ವಕ್ಕ ಒಂದು ದೊಡ್ಡ ಚೀಲ ಹಡೆದಳು, ಅದರೊಳಗೆ ನೂರು ಮೊಟ್ಟೆ, ನೂರು ಮೊಟ್ಟೆಯಿಂದ ನೂರು ಗಂಡುಮಕ್ಕಳು. ಕೆಲಕಾಲವಾದ ಮೇಲೆ ಗಂಡ ಹೇಳಿದ: ನಾನು ನೀರಿನವನು, ನೀನು ಬೆಟ್ಟದವಳು, ನಮ್ಮದು ಹೊಂದುವುದಿಲ್ಲ. ಐವತ್ತು ಮಕ್ಕಳನ್ನು ಅವನು ಸಮುದ್ರದ ಕಡೆ ಕರೆದುಕೊಂಡು ಹೋದ, ಐವತ್ತನ್ನು ಅವಳು ಬೆಟ್ಟಕ್ಕೆ ಒಯ್ದಳು. ಜಗಳವಿಲ್ಲ, ಕೋರ್ಟಿಲ್ಲ, ಕಷ್ಟ ಬಂದರೆ ಒಬ್ಬರನ್ನೊಬ್ಬರು ಕರೆಯೋಣ ಎಂದು ಮಾತುಕೊಟ್ಟು ಬೇರೆಯಾದರು. ಹಿರಿಯ ಮಗ ವಾನ್ ಲಾಂಗ್ ಎಂಬ ರಾಜ್ಯ ಕಟ್ಟಿ ಮೊದಲ ಹುಂಗ್ ರಾಜನಾದ. ಅವನಿಂದ ಹಿಡಿದು ಹದಿನೆಂಟು ತಲೆಮಾರು, ಎಲ್ಲರಿಗೂ ಅದೇ ಹೆಸರು.

‘ಒಟ್ಟು ಎಷ್ಟು ವರ್ಷ?’ ಎಂದರು ಅಪ್ಪ. ಎರಡು ಸಾವಿರದ ಆರುನೂರು ಎಂದು ಹೇಳುತ್ತಾರೆ ಎಂದರು ಲೀನಾಬಾಯಿ. ಅಪ್ಪ ಜೇಬಿನಿಂದ ಪೆನ್ನು ತೆಗೆದು ಕರೆಂಟ್ ಬಿಲ್ಲಿನ ಹಿಂದೆ ಭಾಗಾಕಾರ ಮಾಡಿದರು. ಒಬ್ಬೊಬ್ಬನಿಗೆ ನೂರನಲವತ್ತನಾಲ್ಕು ವರ್ಷ ಬಿತ್ತು. ‘ಇದಕ್ಕೆ ಶಾಸನ ಏನರ ಅದ ಏನು?’ ಎಂದು ಕೇಳಲು ನನಗೆ ಹೇಳಿದರು. ಕೇಳಿದೆ. ಲೀನಾಬಾಯಿ ನಕ್ಕು ಕೈ ಝಾಡಿಸಿದರು. ‘ಆಧಾರವಿಲ್ಲ’ ಎಂದು ಅಪ್ಪ ಬಿಲ್ಲಿನ ಮೇಲೆ ಬರೆದು ಅಡ್ಡಗೆರೆ ಎಳೆದರು. ಒಳಗೆ ಹೆಸರುಕಾಳು ಆರಿಸುತ್ತಿದ್ದ ಅವ್ವ, ‘ದಶರಥ ಅರವತ್ತು ಸಾವಿರ ವರ್ಷ ಆಳಿದಾಗ ಯಾವ ಶಾಸನ ಕೇಳಿದ್ರಿ? ಪಾಪ, ಆ ಹೆಣ್ಣಮಗಳು ನೂರನಲವತ್ತಕ್ಕ ಸಮಾಧಾನ ಮಾಡಿಕೊಂಡಾಳ, ಬಿಡ್ರಿ’ ಎಂದಳು.

ಆದರೂ ಅಪ್ಪ ಆ ಕಥೆಗಳನ್ನು ಕೇಳುವುದು ಬಿಡಲಿಲ್ಲ. ಹದಿನೆಂಟನೆಯವನ ಕಾಲ ಮುಗಿದು ಔ ಲಾಕ್ ಎಂಬ ಹೊಸ ರಾಜ್ಯ ಬಂದದ್ದು, ಅದರ ರಾಜ ಶಂಖದ ಹಾಗೆ ಸುತ್ತುಸುತ್ತಾಗಿ ಕೋಟೆ ಕಟ್ಟಿಸಿದ್ದು, ಒಂದು ಆಮೆ ತನ್ನ ಉಗುರು ಕೊಟ್ಟು ಅವನಿಗೆ ಸೋಲದ ಬಿಲ್ಲು ಮಾಡಿಕೊಟ್ಟದ್ದು, ಶತ್ರುವಿನ ಮಗನನ್ನೇ ಅಳಿಯನನ್ನಾಗಿ ಮಾಡಿಕೊಂಡದ್ದು, ಆ ಅಳಿಯ ಬಿಲ್ಲಿನ ಉಗುರು ಕದ್ದದ್ದು. ರಾಜ ಮಗಳನ್ನು ಕುದುರೆಯ ಮೇಲೆ ಕೂರಿಸಿಕೊಂಡು ಓಡಿಹೋಗುವಾಗ ಆ ಹುಚ್ಚು ಹುಡುಗಿ ಗಂಡನಿಗೆ ದಾರಿ ಸಿಗಲೆಂದು ತನ್ನ ಮೇಲಂಗಿಯ ಬಾತುಕೋಳಿ ಪುಕ್ಕಗಳನ್ನು ಕಿತ್ತು ಉದುರಿಸುತ್ತ ಹೋದಳಂತೆ. ‘ಮನಿಯಳಿಯನ್ನ ಮಾಡಿಕೊಂಡದ್ದ ತಪ್ಪು’ ಎಂದು ಅವ್ವ ತೀರ್ಪು ಕೊಟ್ಟಳು. ಅಪ್ಪ ಮಾತ್ರ, ‘ಕೋಟೆ ನಿಜ ಇರಬಹುದು, ಕೋಟೆ ಸುಳ್ಳು ಹೇಳೂದಿಲ್ಲ’ ಎಂದು ಆ ಕರೆಂಟ್ ಬಿಲ್ಲಿನ ಹಿಂದೆ ಇನ್ನೊಂದು ಸಾಲು ಬರೆದುಕೊಂಡರು. ಲೈಬ್ರರಿಯಿಂದ ಪುಸ್ತಕ ತರಿಸಿ ನೋಡಿದರೆ ಅಂಥ ಕೋಟೆ ನಿಜಕ್ಕೂ ಇದೆಯಂತೆ. ಆ ದಿನ ಅವರಿಗಾದ ಸಂತೋಷ ನನಗೆ ಇಲ್ಲಿ ಕಾಯಂ ನೆಲೆಸಲು ಪಿಆರ್ ಸಿಕ್ಕಾಗಲೂ ಆಗಿರಲಿಲ್ಲ.

ತಿಥಿಯ ಓಟದ ಪ್ರಕರಣ ಆದದ್ದು ಅಪ್ಪ ಹೋಗಿ ಐದನೆಯ ವರ್ಷ. ಮರುದಿನ ನಾನು ಲೀನಾಬಾಯಿಯ ಮನೆಗೆ ಹೋಗಿ ನಮ್ಮ ಪದ್ಧತಿ ವಿವರಿಸಿ ಕ್ಷಮೆ ಕೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, ನಮ್ಮ ಮನೆಗೇ ಬಂದು ಅವ್ವನ ಪಕ್ಕ ಕೂತರು. ಅವ್ವನಿಗೆ ಹಿಂದಿನ ದಿನದಿಂದ ಒಂದು ಪ್ರಶ್ನೆ ಕೊರೆಯುತ್ತಿತ್ತು.

‘ಲೀನಾಬಾಯಿಗೆ ಕೇಳು’ ಎಂದಳು ನನಗೆ. ‘ಹದಿನೆಂಟು ಮಂದಿನೂ ಒಂದ ದಿನಾ ಹೋದ್ರೇನು? ಯುದ್ಧ ಆಗಿತ್ತೋ, ಪ್ಲೇಗ್ ಬಂದಿತ್ತೋ?’

ಕೇಳಿದೆ. ಲೀನಾಬಾಯಿ ತಮ್ಮ ತುಂಡು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು: ‘ಯಾವಾಗ ಸತ್ತರೋ ಯಾರಿಗೆ ಗೊತ್ತು? ನಾವು ಯಾರೂ ಅಲ್ಲಿರಲಿಲ್ಲ. ಒಂದು ದಿನ ಆರಿಸಿಕೊಂಡೆವು. ಐವತ್ತು ಮಕ್ಕಳು ಬೆಟ್ಟದಿಂದ ಬರಬೇಕು, ಐವತ್ತು ಸಮುದ್ರದಿಂದ. ಒಬ್ಬೊಬ್ಬರಿಗೆ ಒಂದೊಂದು ದಿನ ಅಂದರೆ ಯಾರೂ ಬರುವುದಿಲ್ಲ.’

ನಾನು ಕನ್ನಡದಲ್ಲಿ ಹೇಳಿದೆ. ಅವ್ವ ನನ್ನನ್ನೇ ನೋಡುತ್ತ ಕೂತಳು. ‘ಇನ್ನೊಮ್ಮೆ ಹೇಳು’ ಎಂದಳು. ಇನ್ನೊಮ್ಮೆ ಹೇಳಿದೆ. ಅವರ ಭಾಷೆಯಲ್ಲಿ ದೇಶಬಾಂಧವರು ಎನ್ನುವುದಕ್ಕೆ ಇರುವ ಶಬ್ದದ ಅರ್ಥವೇ ಒಂದು ಚೀಲದಲ್ಲಿ ಹುಟ್ಟಿದವರು ಎಂದು ಲೀನಾಬಾಯಿ ಕೂಡಿಸಿದರು, ಅದನ್ನೂ ಹೇಳಿದೆ. ಹೇಳಬಾರದಿತ್ತು. ‘ಕೇಳಿದೇನು? ಒಂದ ಹೊಟ್ಯಾಗ ಹುಟ್ಟಿ ನೀವಿಬ್ರು ಮಾಡಿದ್ದೇನು?’ ಎಂದು ಅವ್ವ ನೆರೆಯವರ ಮುಂದೆಯೇ ಶುರುಮಾಡಿದಳು. ಪುಣ್ಯಕ್ಕೆ ಅವರಿಗೆ ಕನ್ನಡ ಬರುವುದಿಲ್ಲ. ಆದರೆ ಬೈಗುಳಕ್ಕೂ ಭಾಷೆ ಬೇಕಾಗಿಲ್ಲ. ಅವರೂ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದರು.

ಮುಂದಿನ ಆದಿತ್ಯವಾರ ಅಣ್ಣನ ಫೋನು ಬಂದಾಗ ಅವ್ವ ಸ್ಪೀಕರ್ ಹಾಕಿಸಿ ತನ್ನ ನಿರ್ಧಾರ ಓದಿದಳು. ಇನ್ನುಮುಂದೆ ಅಪ್ಪನ ತಿಥಿ ನವಮಿಯೂ ಅಲ್ಲ, ದಶಮಿಯೂ ಅಲ್ಲ. ಲೀನಾಬಾಯಿಯ ಕ್ಯಾಲೆಂಡರಿನ ಕೆಂಪು ಹಾಳೆ ಯಾವತ್ತು ಬರುತ್ತದೋ ಅವತ್ತು. ಅದು ಕೆಲವು ವರ್ಷ ನವಮಿಯ ದಿನ ಬೀಳುತ್ತದೆ, ಕೆಲವು ವರ್ಷ ದಶಮಿಯ ದಿನ. ಯಾರೂ ಗೆಲ್ಲುವುದಿಲ್ಲ, ಯಾರೂ ಸೋಲುವುದಿಲ್ಲ. ತಿಂಗಳಿಗೆ ತಿಂಗಳೇ ತಪ್ಪುವ ವರ್ಷಗಳೂ ಇವೆ ಎಂದು ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ.

‘ಅವ್ವಾ, ಇದ್ಯಾವ ಶಾಸ್ತ್ರ?’ ಎಂದ ಅಣ್ಣ. ‘ವಿಯೆಟ್ನಾಮಿನವರ ಕ್ಯಾಲೆಂಡರ್ ನೋಡಿ ಅಪ್ಪನ ತಿಥಿ ಮಾಡೂದೇನು? ಮಂದಿ ನಗ್ತಾರ.’

‘ನಗ್ಲಿ. ಐದ ವರ್ಷದಿಂದ ಇಬ್ರು ಮಕ್ಕಳು ಎರಡ ದಿನಾ ಪಿಂಡ ಹಾಕಿದ್ದಕ್ಕ ಮಂದಿ ಅಳ್ಲಿಕತ್ತಿದ್ರೇನು? ನಾ ಇರೂತನ ಹಿಂಗ. ನಾ ಹೋದ ಮ್ಯಾಲ ನಂದೂ ಎರಡ ದಿನಾ ಮಾಡಿಕೋರಿ.’

ನಾನು, ಎರಡು ಶಬ್ದದ ನಿಯಮ ಮೀರಿ, ‘ನೀ ಬಾ ಅಣ್ಣಾ, ಏರ್‌ಪೋರ್ಟಿಗೆ ನಾ ಬರ್ತೀನಿ’ ಎಂದೆ. ‘ನೋಡ್ತೀನಿ’ ಎಂದು ಇಟ್ಟ. ಅವನ ‘ನೋಡ್ತೀನಿ’ಗೆ ನಮ್ಮ ಮನೆಯಲ್ಲಿ ಅರ್ಥ ‘ಇಲ್ಲ’ ಎಂದೇ. ಅವ್ವ ಮಾತ್ರ ಮರುದಿನದಿಂದ ಹಾಳೆ ಎಣಿಸತೊಡಗಿದಳು. ಹೊಸ ಕ್ಯಾಲೆಂಡರು ಬಂದ ದಿನವೇ ಕೆಂಪು ಹಾಳೆ ಹುಡುಕಿ ಅದಕ್ಕೊಂದು ಪಿನ್ನು ಚುಚ್ಚಿಟ್ಟಳು. ಹದಿನೈದು ದಿನ ಉಳಿದಾಗ ಅಣ್ಣನ ಮೆಸೇಜು ಬಂತು, ಬರೀ ಫ್ಲೈಟ್ ನಂಬರು. ಅವ್ವ ಅದನ್ನು ನನ್ನಿಂದ ಮೂರು ಸಲ ಓದಿಸಿ ಕೇಳಿದಳು.

ಅಣ್ಣ ಬಂದ. ಆರು ವರ್ಷದಲ್ಲಿ ಅವನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕಾರಿನಲ್ಲಿ ಇಬ್ಬರೂ ಟೋಲ್ ರಸ್ತೆಯ ಬಗ್ಗೆ ಮಾತಾಡಿಕೊಂಡು ಬಂದೆವು. ತಿಥಿ ಸಾಂಗವಾಗಿ ನಡೆಯಿತು. ಹಿತ್ತಲಲ್ಲಿ ಇಟ್ಟ ಪಿಂಡವನ್ನು ಕಾಗೆ ಮುಟ್ಟುವ ಮೊದಲೇ ಒಂದು ಕಾಕಟೂ ಗಿಳಿ ಬಂದು ವಡೆಯನ್ನು ಕಾಲಲ್ಲಿ ಹಿಡಿದು ಹಾರಿಹೋಯಿತು. ಇದು ನಡೆಯುತ್ತದೆಯೇ ಎಂದು ಅಣ್ಣ ಆಚಾರ್ಯರನ್ನು ಕೇಳಿದ. ಅವರಿಗೆ ಬ್ಲ್ಯಾಕ್‌ಟೌನಿನಲ್ಲಿ ಇನ್ನೊಂದು ಮನೆಯ ತಿಥಿಯಿತ್ತು. ‘ಈ ದೇಶದ ಪಕ್ಷಿ, ನಡೀತದ’ ಎಂದು ಉಂಡು, ಕಾರು ಹತ್ತಿದರು. ಬೇಲಿಯಾಚೆಯಿಂದ ಊದುಬತ್ತಿಯ ವಾಸನೆ ಬರುತ್ತಿತ್ತು. ಅಲ್ಲಿಯೂ ಹದಿನೆಂಟು ಜನರ ಊಟ ನಡೆದಿತ್ತು.

ಆಮೇಲೆ ನಾವಿಬ್ಬರು ಎಲೆಗೆ ಕೂತೆವು. ಅವ್ವ ಬಡಿಸಿದಳು. ಉಪ್ಪು, ಕೋಸಂಬರಿ, ಎರಡು ಪಲ್ಯ, ವಡೆ, ಗಾರಿಗೆ. ಅವಳ ಮುಖ ನೋಡಬೇಕಿತ್ತು ನೀವು. ಒಂದು ಸಲ ಬಡಿಸಿದ್ದನ್ನೇ ಮರೆತು ಮತ್ತೆ ಬಡಿಸುತ್ತಿದ್ದಳು. ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲ ಚೆನ್ನಾಗಿತ್ತು. ಆದರೆ ನನ್ನ ನಾಲಿಗೆ ಎಲ್ಲಿ ಸುಮ್ಮನಿರುತ್ತದೆ? ಆ ವರ್ಷ ಕೆಂಪು ಹಾಳೆ ದಶಮಿಯ ದಿನವೇ ಬಿದ್ದಿತ್ತು.

‘ಏನೇ ಆಗಲಿ, ಕ್ಯಾಲೆಂಡರಿಗೂ ಖರೇ ಗೊತ್ತದ ನೋಡು’ ಎಂದೆ.

ಅಣ್ಣನ ಕೈ ನಿಂತಿತು. ‘ಯಾವ ಖರೇ? ಆರೂ ಮುಕ್ಕಾಲು ಅನ್ನೂದು ಫೋನ್ ಬಂದ ಹೊತ್ತು. ನೀ ಎಲ್ಲಿದ್ದಿ ಆವಾಗ? ನೀನೂ ಇರ್ಲಿಲ್ಲ.’

‘ನಾ ಪಾರ್ಕಿಂಗಿನ್ಯಾಗ ಇದ್ದೆ. ಹತ್ತ ನಿಮಿಷ ತಪ್ಪಿತು.’

ಇದನ್ನು ನಾನು ಆರು ವರ್ಷದಿಂದ ಎಲ್ಲರಿಗೂ ಹೇಳುತ್ತ ಬಂದಿದ್ದೆ. ಮಧ್ಯರಾತ್ರಿಯವರೆಗೆ ಕೂತವನು ಅವ್ವನ ಒತ್ತಾಯಕ್ಕೆ ಮನೆಗೆ ಹೋಗಿ, ಒಂದಿಷ್ಟು ಮಲಗೆದ್ದು ಸ್ನಾನ ಮಾಡಿ ವಾಪಸು ಬರುವಾಗ ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಜಾಗ ಹುಡುಕುತ್ತಿದ್ದೆ, ಅಷ್ಟರಲ್ಲಿ ಅಪ್ಪ ಹೋದರು. ಹತ್ತು ನಿಮಿಷದ ಮಾತು. ಅಣ್ಣನಿಗೆ ಹೇಳಿಲ್ಲ, ನಿಮಗೆ ಹೇಳುತ್ತೇನೆ, ಈಗ ಯೋಚಿಸಿದರೆ ನಾನು ಹಟ ಹಿಡಿದದ್ದು ದಶಮಿಗಲ್ಲ, ಆ ಹತ್ತು ನಿಮಿಷಕ್ಕೆ. ಆರೂ ಮುಕ್ಕಾಲಿಗೆ ಹೋದರು ಎಂದರೆ ನಾನು ಬಂದೇಬಿಟ್ಟಿದ್ದ ಮಗ. ಅದಕ್ಕಿಂತ ಮೊದಲೇ ಹೋದರು ಎಂದರೆ ಹೊದ್ದು ಮಲಗಿದ್ದ ಮಗ.

ಅವ್ವ ಸಾರಿನ ಪಾತ್ರೆ ಕೆಳಗಿಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡು ನಮ್ಮಿಬ್ಬರ ಎಲೆಯ ಮುಂದೆ ನೆಲದ ಮೇಲೆಯೇ ಕೂತಳು. ಅವಳ ಮೊಣಕಾಲಿಗೆ ಅದು ಸುಲಭವಲ್ಲ.

‘ಆರೂ ಮುಕ್ಕಾಲಿಗೆ ನರ್ಸಬಾಯಿನ್ನ ಕರದಾಕಿ ನಾನು’ ಎಂದಳು. ‘ಅವ್ರು ಹೋಗಿದ್ದು ಅದಕಿಂತ ಭಾಳ ಮೊದಲ. ಹೊರಗ ಇನ್ನೂ ಕತ್ತಲಿತ್ತು.’

ಅಣ್ಣ, ‘ಮತ್ತ... ಯಾಕ ಕರೀಲಿಲ್ಲವ್ವಾ?’ ಎಂದ. ಗೆದ್ದವನ ದನಿಯಾಗಿರಲಿಲ್ಲ ಅದು.

‘ಕರದಿದ್ರ ಎಲ್ಲಾರೂ ಬರ್ತಿದ್ರು. ಡಾಕ್ಟರು, ನೀವು, ಫೋನು, ಅಳೂದು, ಒಯ್ಯೂದು. ಲಗ್ನ ಆಗಿ ಬಂದಾಗ ಮನಿತುಂಬ ಮಂದಿ. ಆಮ್ಯಾಲ ನೀವು. ಆಮ್ಯಾಲ ಸಾಲಿ ಹುಡುಗೂರು, ಅವರ ಪುಸ್ತಕ. ಇಲ್ಲಿಗೆ ಬಂದ ಮ್ಯಾಲೂ ಮೊಮ್ಮಗಳ ಖೋಲಿಯೊಳಗ ಮಲಗಿದ್ವಿ. ಐವತ್ತು ವರ್ಷದ ಮ್ಯಾಲ ಸಂಸಾರ ಮಾಡೀನಿ, ಅವ್ರು ನನಗ ಒಬ್ಬಾಕಿಗೇ ಯಾವಾಗ ಸಿಕ್ಕಿದ್ರು? ಒಂದಿಷ್ಟು ಹೊತ್ತು ನನ್ನ ಕಡೇನೇ ಇರ್ಲಿ ಅಂತ ಕೈ ಹಿಡಕೊಂಡು ಕೂತೆ.’

ನಾನು ಮಲಗಿದ್ದೆ. ಅವ್ವ ಒಬ್ಬಳೇ ಕೂತಿದ್ದಾಗ ನಾನು ಅಲಾರಾಮ್ ಇಟ್ಟು ಚೆನ್ನಾಗಿ ನಿದ್ದೆ ಮಾಡುತ್ತಿದ್ದೆ. ನನಗೆ ಅಳು ಬಂತು, ಎಲೆಯ ಮುಂದೆಯೇ ಅತ್ತೆ. ಅಣ್ಣ ಎಡಗೈಯನ್ನು ನನ್ನ ಬೆನ್ನ ಮೇಲಿಟ್ಟ. ಯಾವ ತಿಥಿ ಎಂದು ಅವನು ಕೇಳಲಿಲ್ಲ.

‘ಎಷ್ಟು ಹೊತ್ತು ಕೂತಿದ್ದಿ ಅವ್ವಾ?’ ಎಂದೆ ನಾನು ಕೊನೆಗೆ.

‘ಗಡಿಯಾರ ನೋಡಲಿಲ್ಲೋ. ಕೈ ಬೆಚ್ಚಗಿರೂತನ ಕೂತೆ’ ಎಂದಳು ಅವ್ವ.